ಕರಿಡಬ್ಬಿಯ ಪಟ್ಟಾಭಿಷೇಕ

ತುಮಕೂರಿನಿಂದ ಗುಬ್ಬಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಹೊಡೆಯುವ ವಿದ್ಯೆ ಈ ಭೂಮಂಡಲದಲ್ಲಿ ಯಾರಿಗಾದರೂ ಪೂರ್ತಿ ಒಲಿದಿದ್ದರೆ ಅದು ಅನಂತರಾಜುವಿಗೆ. ಎಡಗೈ ಮೇಲಿನ ಕಂಬಿಗೆ, ಬಲಗೈ ಹೆಗಲಿನ ಚೀಲಕ್ಕೆ, ಗಲ್ಲ ಎದೆಗೆ. ಕಂಡಕ್ಟರ್ ಬಂದು "ರಾಜಣ್ಣ, ಪಾಸು" ಅಂದರೆ ಕಣ್ಣು ಬಿಡದೆಯೇ ಜೇಬಿಗೆ ಕೈ ಹಾಕಿ, ಪಾಸು ತೆಗೆದು, ಅವನ ಮೂಗಿನ ನೇರಕ್ಕೆ ಹಿಡಿದು, ಮತ್ತೆ ಒಳಗಿಡುತ್ತಿದ್ದ. ಇಪ್ಪತ್ತೇಳು ವರ್ಷದ ತಪಸ್ಸು ಅದು. ಹಿಂದಿನ ಕಾಲದ ಋಷಿಗಳು ಒಂಟಿಕಾಲಲ್ಲಿ ನಿಂತಿದ್ದರಂತೆ. ಅವರಿಗೆ ಕಾಡಿನಲ್ಲಿ ಜಾಗವಾದರೂ ಇತ್ತು. ಅನಂತರಾಜುವಿನ ಒಂದು ಕಾಲಿನ ಮೇಲೆ ಸಾಮಾನ್ಯವಾಗಿ ಇನ್ನೊಬ್ಬರ ತರಕಾರಿ ಚೀಲ ಇರುತ್ತಿತ್ತು.

ಗುಬ್ಬಿಯ ಒಂದು ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರು. ಹುಡುಗರು ಕೊಳೆ ಮಾಡಿದ ಟೆಸ್ಟ್‌ಟ್ಯೂಬುಗಳನ್ನು ಬೆಳಿಗ್ಗೆ ತೊಳೆಯುವುದು, ತೊಳೆದದ್ದನ್ನು ಅವರು ಮಧ್ಯಾಹ್ನಕ್ಕೆ ಮತ್ತೆ ಕೊಳೆ ಮಾಡುವುದು, ಸಾಯಂಕಾಲ ಇವನು ಮತ್ತೆ ತೊಳೆಯುವುದು. ಮಧ್ಯೆ ಪರೀಕ್ಷೆ ಬಂದರೆ ಬೆಂಚು ಹೊರುವುದು, ಚುನಾವಣೆ ಬಂದರೆ ಪೆಟ್ಟಿಗೆ ಹೊರುವುದು. ಐವತ್ತನಾಲ್ಕು ತುಂಬುವ ಹೊತ್ತಿಗೆ ಅವನಿಗೆ ಹಿಡಿದಿದ್ದ ದಣಿವು ಒಂದು ರಾತ್ರಿ ಮಲಗಿದರೆ ಇಳಿಯುವಂಥದ್ದಾಗಿರಲಿಲ್ಲ. ಹಳೇ ಗೋಡೆಗೆ ತೇವ ಹತ್ತುವ ಹಾಗೆ ಪಾದದಿಂದ ಮೇಲಕ್ಕೆ ಹತ್ತಿ, ಈಗ ಸುಮಾರು ಭುಜದ ಮಟ್ಟಕ್ಕೆ ಬಂದು ನಿಂತಿತ್ತು.

ಇಂಥ ದಣಿದ ದೊರೆಗೂ ಒಂದು ಆಯುಧಶಾಲೆ ಇತ್ತು. ತುಮಕೂರಿನ ಬಾಡಿಗೆ ಮನೆಯಲ್ಲಿ, ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ, ಹಳೇ ಪಂಚೆ ಸುತ್ತಿಕೊಂಡು ಮಲಗಿದ್ದವು ಹನ್ನೊಂದು ಕ್ಯಾಮೆರಾ. ಎಲ್ಲವೂ ರೀಲು ಹಾಕುವಂಥವು. ಎಲ್ಲವೂ ಹುಟ್ಟಿದಾಗಲೇ ಅಗ್ಗದವು, ಈಗಂತೂ ಯಾರಿಗೂ ಬೇಡದವು. ಒಂದರ ಹಿಂಬಾಗಿಲು ಸೈಕಲ್ ಟ್ಯೂಬಿನ ರಬ್ಬರಿನಿಂದ ನಿಂತಿತ್ತು. ಇನ್ನೊಂದು ಚಳಿಗಾಲದಲ್ಲಿ ಕಣ್ಣು ತೆರೆದರೆ ಮುಚ್ಚುತ್ತಿರಲಿಲ್ಲ, ಅಂಗೈಯಲ್ಲಿಟ್ಟು ಬಿಸಿಯುಸಿರು ಊದಿ ಸಮಾಧಾನ ಮಾಡಬೇಕಿತ್ತು. ಮೂರನೆಯದರ ಮೊದಲ ಒಡೆಯರು ಹಾಗಲವಾಡಿ ಕಡೆಯ ಯಾರೋ ಮೇಷ್ಟ್ರು; ಅವರ ಅರ್ಧ ರೋಲು ಒಳಗೇ ಉಳಿದಿತ್ತು. ತೊಳೆದು ನೋಡಿದರೆ ಆರು ಚಿತ್ರ, ಆರರಲ್ಲೂ ಒಂದೇ ಎಮ್ಮೆ. ಆರನೆಯದರಲ್ಲಿ ಎಮ್ಮೆಗೇ ಬೇಜಾರಾಗಿ ಮುಖ ತಿರುಗಿಸಿತ್ತು.

ಈ ಸೈನ್ಯಕ್ಕೆಲ್ಲ ದಂಡನಾಯಕ ಎಂದರೆ ಕರಿಡಬ್ಬಿ. ಇಟ್ಟಿಗೆಯಷ್ಟೇ ದಪ್ಪ, ಇಟ್ಟಿಗೆಯಷ್ಟೇ ಬುದ್ಧಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅದಕ್ಕೆ ಗೊತ್ತಿದ್ದದ್ದು ಎರಡೇ ಹವಾಮಾನ: ಸಣ್ಣ ಕಡ್ಡಿಯನ್ನು ಈ ಕಡೆ ತಳ್ಳಿದರೆ ಬಿಸಿಲು, ಆ ಕಡೆ ತಳ್ಳಿದರೆ ಮೋಡ. ಲೆನ್ಸು ಒಂದು ಕುಳಿಯ ಆಳದಲ್ಲಿ ಬಟಾಣಿಯಂತೆ ಕೂತಿತ್ತು. ಫೋಟೋ ತೆಗೆಯುವವನು ನೋಡುವುದು ಲೆನ್ಸಿನ ಮೂಲಕ ಅಲ್ಲ, ಮೇಲೆ ಬೇರೆಯೇ ಇರುವ ಪುಟ್ಟ ಕಿಂಡಿಯಿಂದ. ಕ್ಯಾಮೆರಾ ತನ್ನ ಪಾಡಿಗೆ ತಾನು ನೋಡುತ್ತದೆ, ಮನುಷ್ಯ ತನ್ನ ಪಾಡಿಗೆ ತಾನು. ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಅನ್ನುವುದು ಬರೀ ನಂಬಿಕೆ.

ಇವನ್ನೆಲ್ಲ ಒದಗಿಸುತ್ತಿದ್ದ ಮಹಾಶಯ ಏಜಾಜ್ ಅಹಮದ್. ಒಂದು ಕಾಲದಲ್ಲಿ ತುಮಕೂರಿನ ಅರ್ಧ ಊರಿನ ವಾಚು, ರೇಡಿಯೋ, ಕ್ಯಾಮೆರಾ ರಿಪೇರಿ ಮಾಡಿದವನು, ಈಗ ಮೊಬೈಲಿನ ಒಡೆದ ಗಾಜು ಬದಲಿಸುತ್ತ ಕೂತಿದ್ದ. ಹಳೇ ಕ್ಯಾಮೆರಾ ಯಾವುದಾದರೂ ಅಂಗಡಿಗೆ ಬಂದರೆ ಅನಂತರಾಜುವಿಗೆ ಫೋನು ಮಾಡುತ್ತಿದ್ದ. "ರಾಜಣ್ಣ, ಇನ್ನೊಂದು ಮುದುಕಿ ಬಂದವ್ಳೆ. ಹಲ್ಲಿಲ್ಲ, ಕಣ್ಣು ಚೆನ್ನಾಗೈತೆ. ಬಂದು ನೋಡಿ."

ಅನಂತರಾಜು ಏನನ್ನು ಫೋಟೋ ತೆಗೆಯುತ್ತಿದ್ದ ಎಂದು ಕೇಳಿದರೆ ಅವನ ವೈರಿಗಳಿಗೆ ಖುಷಿಯಾಗುತ್ತದೆ. ಬಸ್ಸಿನಲ್ಲಿ ನಿದ್ದೆ ಹೋದವರ ಪಾದಗಳು. ಲ್ಯಾಬಿನ ಸಿಂಕು. ಗುಬ್ಬಿ ಸ್ಟೇಷನ್ನಿನ ಖಾಲಿ ಬೆಂಚು, ಅದರ ಮೇಲೆ ಯಾರೋ ಬಿಟ್ಟುಹೋದ ಅರ್ಧ ಕಡ್ಲೆಕಾಯಿ ಪೊಟ್ಟಣ. ತಾನು ದಣಿದಿದ್ದರಿಂದಲೋ ಏನೋ, ದಣಿದ ವಸ್ತುಗಳೇ ಅವನ ಕಣ್ಣಿಗೆ ಬೀಳುತ್ತಿದ್ದವು. ಆದರೆ ಆ ಗುಂಡಿ ಒತ್ತಿದಾಗ ಬರುವ "ಟಕ್" ಇದೆಯಲ್ಲ, ಅದಕ್ಕಾಗಿ ಅವನು ಏನನ್ನಾದರೂ ಕೊಡುತ್ತಿದ್ದ. ಅವನ ಜೀವನದಲ್ಲಿ ಮಿಕ್ಕ ಎಲ್ಲವನ್ನೂ ಮರುದಿನ ಮತ್ತೆ ಮಾಡಬೇಕಿತ್ತು. ಈ "ಟಕ್" ಮಾತ್ರ ಒಂದು ಸಲಕ್ಕೇ ಮುಗಿದುಹೋಗುತ್ತಿತ್ತು.

ಸುಧಾ, ಅಂದರೆ ಅವನ ಹೆಂಡತಿ, ಇದನ್ನು ಇಷ್ಟು ಕಾವ್ಯಮಯವಾಗಿ ನೋಡುತ್ತಿರಲಿಲ್ಲ. ಅವಳು ಬೆಳಗಿನಿಂದ ಸಾಯಂಕಾಲದ ತನಕ ಮಷೀನಿನ ಮುಂದೆ ಕೂತು ಬೀದಿಯವರ ಬ್ಲೌಸು ಹೊಲಿಯುವವಳು. ದಣಿವಿನ ವಿಷಯದಲ್ಲಿ ಗಂಡನಿಗೆ ಒಂದು ಕೂದಲೆಳೆಯಷ್ಟೂ ಕಡಿಮೆ ಇರಲಿಲ್ಲ. ಊರಿಗೆಲ್ಲ ಸಾರುತ್ತಿರಲಿಲ್ಲ ಅಷ್ಟೆ. ಭಾನುವಾರ ಅನಂತರಾಜು ಕರಿ ಕಂಬಳಿಯೊಳಗೆ ಎರಡೂ ಕೈ ತೂರಿಸಿ, ಕಣ್ಣು ಮುಚ್ಚಿ, ಕತ್ತಲಲ್ಲಿ ರೋಲನ್ನು ಡಬ್ಬಕ್ಕೆ ಸುತ್ತುತ್ತಾ ಕೂತಾಗ, ಆಮೇಲೆ ಅದನ್ನು ತೊಳೆಯಲು ಬಚ್ಚಲುಮನೆ ಸೇರಿ ಮುಕ್ಕಾಲು ಗಂಟೆ ಚಿಲಕ ಹಾಕಿಕೊಂಡಾಗ, ಅವಳು ಹೊರಗಿನಿಂದ ಯುದ್ಧಘೋಷ ಮಾಡುತ್ತಿದ್ದಳು.

"ರೀ, ಒಳಗೆ ಏನು ಯಜ್ಞ ನಡೀತಿದೆಯೋ ಮುಗಿಸಿ ಬನ್ನಿ. ನಾನು ಸ್ನಾನ ಮಾಡ್ಬೇಕು."

"ಇನ್ನು ಹತ್ತು ನಿಮಿಷ ಕಣೇ. ಈಗ ಬಾಗಿಲು ತೆಗೆದ್ರೆ ಎಲ್ಲಾ ಹಾಳು."

"ಎಲ್ಲಾ ಅಂದ್ರೆ ಏನ್ರೀ? ಇನ್ನೊಬ್ರ ಕಾಲು ತಾನೇ?"

ಅವಳ ಹತ್ತಿರ ಒಂದು ಬ್ರಹ್ಮಾಸ್ತ್ರವೂ ಇತ್ತು. ನಡುಮನೆಯ ಗೋಡೆಯ ಮೇಲಿನ ಮೊಳೆ. ಮೂರು ವರ್ಷದ ಹಿಂದೆ, ಮೊದಲ ಕ್ಯಾಮೆರಾ ಮನೆಗೆ ಬಂದ ಸಂಭ್ರಮದಲ್ಲಿ, "ನಾನು ತೆಗೆದ ಮೊದಲನೇ ಒಳ್ಳೇ ಫೋಟೋ ಇಲ್ಲಿಗೆ" ಎಂದು ಅನಂತರಾಜುವೇ ಹೊಡೆದಿದ್ದ ಮೊಳೆ ಅದು. ಅವತ್ತಿನಿಂದ ಅದು ಖಾಲಿ. ಮನೆಗೆ ಬಂದ ನೆಂಟರು "ಇದೇನು ಬರೀ ಮೊಳೆ?" ಅಂದರೆ ಸುಧಾ ತಣ್ಣಗೆ ಹೇಳುತ್ತಿದ್ದಳು, "ನಮ್ಮೆಜಮಾನ್ರು ತೆಗೆದಿರೋ ಫೋಟೋ. ಚೆನ್ನಾಗಿ ಬಂದಿದೆ ಅಲ್ವಾ?"

ಹೀಗಿರುವಾಗ ದಸರೆಗೆ ಹದಿನೈದು ದಿನ ಇದೆ ಅನ್ನುವಾಗ ಕುಣಿಗಲ್‌ನಿಂದ ದೊಡ್ಡಗಂಗಮ್ಮನ ಫೋನು ಬಂತು.

ದೊಡ್ಡಗಂಗಮ್ಮ ಸುಧಾಳ ತಾಯಿಯ ಅಕ್ಕ. ತಾಯಿ ಬೇಗ ಹೋದದ್ದರಿಂದ ಸುಧಾಳನ್ನು ಸಾಕಿ, ಹಳ್ಳಿಯಿಂದ ಕುಣಿಗಲ್‌ಗೆ ಕರೆತಂದು, ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟಿ ಮಾರಿ ಓದಿಸಿ ಮದುವೆ ಮಾಡಿದವಳು. ವಯಸ್ಸು ಎಪ್ಪತ್ತೆಂಟು. ಅವಳ ಕೂದಲು ಆ ಬಸ್‌ಸ್ಟ್ಯಾಂಡಿನಲ್ಲೇ ಪ್ರಸಿದ್ಧ. ಬಿಚ್ಚಿದರೆ ಮಂಡಿ ಮುಟ್ಟುವಷ್ಟು, ಒಂದು ಕರಿ ಎಳೆ ಇಲ್ಲದ ಅಚ್ಚ ಬಿಳಿ. ಹೋದ ವರ್ಷ ಎರಡೂ ಕಣ್ಣಿಗೆ ಪೊರೆ ಬಂದು, ಹೂವಿನ ತೊಟ್ಟು ಯಾವುದು ಬಾಳೆನಾರು ಯಾವುದು ಕಾಣದೆ, ಆರು ತಿಂಗಳು ಕೈಕಟ್ಟಿ ಕೂತಿದ್ದಳು. ಆಗ ಮನೆದೇವರು ದೇವರಾಯನದುರ್ಗದ ನರಸಿಂಹನಿಗೆ ಹರಕೆ ಹೊತ್ತಿದ್ದಳು: ಕಣ್ಣು ಕೊಟ್ಟರೆ ಕೂದಲು ಕೊಡ್ತೀನಿ. ಆಪರೇಷನ್ ಆಯಿತು, ಕಣ್ಣು ಬಂತು. ಕೊಟ್ಟ ಮಾತು ನಡೆಸುವ ಸರದಿ ಈಗ ಅವಳದು. ದಸರೆ ಮುಗಿದ ಭಾನುವಾರ ಮುಡಿ ಕೊಡುವುದು ಎಂದು ಗೊತ್ತಾಗಿತ್ತು.

"ಅಳಿಮಯ್ಯ," ಎಂದಳು ಫೋನಿನಲ್ಲಿ, ಹೂವಿನ ಗಿರಾಕಿಯನ್ನು ಕೂಗುವಷ್ಟೇ ಗಟ್ಟಿಯಾಗಿ, "ಕಣ್ಣು ಬಂದ್ ಮ್ಯಾಕೆ ಕನ್ನಡೀಲಿ ನೋಡ್ಕಂಡೆ. ಈ ಕೂದ್ಲು ಇಷ್ಟು ಚೆಂದಾಗೈತೆ ಅಂತ ನಂಗೇ ಗೊತ್ತಿರ್ನಿಲ್ಲ. ಹೋಗೋಕ್ ಮುಂಚೆ ಒಂದು ಫೋಟೋ ಹೊಡ್ಕೊಡು."

"ಮೊಬೈಲಲ್ಲಿ ಯಾರಾದ್ರೂ..."

"ಮೊಬೈಲ್ನಾಗೆ ಪಕ್ಕದ್ಮನೇಳು ಹೊಡುದ್ಲು. ಅದ್ರಾಗೆ ನಂಗೆ ಬೆಕ್ಕಿನ ಮೀಸೆ ಬರ್ಸವ್ಳೆ! ಅದೆಲ್ಲ ಬ್ಯಾಡ ಬುಡು. ಟಕ್ ಅನ್ನೋ ಅಂಥದ್ದು ಬೇಕು. ಎಷ್ಟು ಹೊಡೀತೀಯೋ ಹೊಡಿ, ಆದ್ರೆ ಕೂರೋದು ಒಂದೇ ಸಲ. ಆಮ್ಯಾಕೆ ಏನೈತೆ ಕೂರಾಕೆ, ಬೋಳ್ತಲೆ."

ಸುಧಾ ಪಕ್ಕದಲ್ಲೇ ಇದ್ದಳು. ಅವಳ ಹತ್ತಿರ ದೊಡ್ಡಮ್ಮನ ಫೋಟೋ ಅಂತ ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದರಲ್ಲಿ ಆ ತಾಯಿ ಈಗಷ್ಟೇ ಹಿಡಿದು ತಂದ ಜೇಬುಗಳ್ಳಿಯ ಹಾಗಿದ್ದಳು. ಫೋನು ಇಟ್ಟ ಮೇಲೆ ಸುಧಾ ಗಂಡನ ಕಡೆ ನೋಡಲಿಲ್ಲ, ಮೊಳೆಯ ಕಡೆ ನೋಡಿದಳು.

"ಇದೊಂದನ್ನ ಸರಿಯಾಗಿ ತೆಗೀರಿ," ಎಂದಳು. "ಇನ್ನು ಜನ್ಮದಲ್ಲಿ ನಾನು ಬಚ್ಚಲುಮನೆ ಬಾಗಿಲು ಬಡಿಯಲ್ಲ."

ಅವಳ ದನಿಯಲ್ಲಿ ಎಂದಿನ ಚುಚ್ಚು ಇರಲಿಲ್ಲ. ಅನಂತರಾಜುವಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ.

ಆಯುಧಪೂಜೆಯ ದಿನ ಬಂತು. ಸುಧಾ ಹೊಲಿಗೆ ಮಷೀನಿನ ಎಣ್ಣೆ ಜಿಡ್ಡು ಒರೆಸಿ, ಕತ್ತರಿಗಳನ್ನು ತೊಳೆದು, ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ಮೂರು ವರ್ಷದಿಂದ ಈ ದರ್ಬಾರಿಗೆ ಕ್ಯಾಮೆರಾಗಳಿಗೆ ಆಹ್ವಾನ ಇರಲಿಲ್ಲ. "ಕೆಲಸಕ್ಕೆ ಬರೋ ಸಾಮಾನಿಗೆ ಪೂಜೆ" ಅನ್ನುವುದು ಮನೆಯ ಕಾನೂನು. ಅವತ್ತು ಅವಳು ಅರಿಸಿನದ ಕೈಯಲ್ಲೇ ತಿರುಗಿ, "ಆ ನಿಮ್ಮ ಡಬ್ಬ ಎಲ್ಲಿ? ತನ್ನಿ" ಎಂದಳು.

"ಯಾವ ಡಬ್ಬ?"

"ದೊಡ್ಡಮ್ಮನ್ನ ತೆಗೆಯೋ ಡಬ್ಬ ರೀ. ಅದೂ ಈಗ ಕೆಲಸಕ್ಕೆ ಬಂತಲ್ಲ."

ಅನಂತರಾಜು ಮಂಚದ ಕೆಳಗೆ ತೂರಿದ ವೇಗಕ್ಕೆ ಅವನ ಬೆನ್ನು ಎರಡು ದಿನ ಆಕ್ಷೇಪಣೆ ಸಲ್ಲಿಸಿತು. ಕರಿಡಬ್ಬಿಯನ್ನು ಎರಡೂ ಕೈಯಲ್ಲಿ ತಂದು, ಕುಕ್ಕರಿಗೂ ಇಸ್ತ್ರಿಪೆಟ್ಟಿಗೆಗೂ ನಡುವೆ ಬಿಟ್ಟಿದ್ದ ಜಾಗದಲ್ಲಿ ಕೂರಿಸಿದ. ಅಷ್ಟರಲ್ಲಿ ಸ್ಕೂಟರಿನ ಮುಂದೆ ಬೂದುಗುಂಬಳ ಒಡೆಯುವ ಗಂಡಸಿನ ಕರ್ತವ್ಯ ಅವನನ್ನು ಹೊರಗೆ ಕರೆಯಿತು. ಒಡೆದು, ಕುಂಕುಮ ಬಳಿದ ಹೋಳುಗಳನ್ನು ದಾರಿಯಿಂದ ಬದಿಗೆ ಸರಿಸಿ ಒಳಗೆ ಬಂದು ನೋಡುತ್ತಾನೆ: ಕರಿಡಬ್ಬಿಯ ಕೊರಳಿಗೆ ಸೇವಂತಿಗೆ ಹಾರ, ನೆತ್ತಿಗೆ ಮೂರು ಬೆರಳಿನ ವಿಭೂತಿ, ನಡುವೆ ಗಂಧ, ಕುಂಕುಮ. ಹೊಲಿಗೆ ಮಷೀನಿಗಿಂತ ಒಂದು ಹೂವು ಹೆಚ್ಚೇ ಇತ್ತು. ಕರ್ಪೂರದ ಹೊಗೆ ಎಂದು ಕಣ್ಣೊರೆಸಿಕೊಂಡ.

ಪೂಜೆ ಮಾಡಿದ ಆಯುಧವನ್ನು ದಶಮಿ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಮರುದಿನ ಸಾಯಂಕಾಲ ಸುಧಾಳೇ ಹಾರ ತೆಗೆದು, ಕರಿಡಬ್ಬಿಯನ್ನು ಅದರ ಚರ್ಮದ ಚೀಲಕ್ಕಿಳಿಸಿ ಗುಂಡಿ ಹಾಕಿಟ್ಟಳು. ನೆತ್ತಿಯ ಕುಂಕುಮವನ್ನು ಅವನು ಒರೆಸಲಿಲ್ಲ. ಪಟ್ಟಾಭಿಷೇಕವಾದ ರಾಜನ ತಲೆಯನ್ನು ಬಟ್ಟೆಯಿಂದ ಉಜ್ಜಿದವರು ಯಾರಿದ್ದಾರೆ?

ಶನಿವಾರ ಅರ್ಧ ದಿನ ರಜೆ ಹಾಕಿ, ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲ್‌ಗೆ. ಹೆಬ್ಬೂರು ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಕುಣಿಗಲ್ ಕೆರೆ ಹೊಳೆಯುತ್ತಿತ್ತು. ಇಳಿದು ನಡೆಯುವಾಗ ಕಾಲು ತನ್ನದಲ್ಲ ಅನ್ನಿಸುತ್ತಿತ್ತು.

ದೊಡ್ಡಗಂಗಮ್ಮ ಅವನನ್ನು ಒಳಗೆ ಎಳೆದುಕೊಂಡು, "ಬಾಗ್ಲು ಹಾಕು, ಅಗುಳಿ ಹಾಕು" ಎಂದು, ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೊಳೆದ ಚಾಪೆ ಹಾಸಿತ್ತು. ಮೂರು ಗಂಟೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವಳು ಕೂತು ತುರುಬು ಬಿಚ್ಚಿದಳು. ಅನಂತರಾಜು ಮೂರು ದಶಕದಿಂದ ಆ ತುರುಬು ನೋಡಿದ್ದ, ಬಿಚ್ಚಿದ್ದು ನೋಡಿರಲಿಲ್ಲ. ಕೂದಲು ಕಲ್ಲಿನಿಂದ ಇಳಿದು ನೆಲ ಮುಟ್ಟಿತು.

ಆಮೇಲೆ ಅವಳು ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದದ್ದನ್ನು ಬಿಡಿಸಿದಳು. ಎರಡು ಮೊಳ ಬಿಳಿ ಕಾಕಡ ಹೂವು, ಒತ್ತಾಗಿ ಕಟ್ಟಿದ್ದು. ಅದನ್ನು ತಲೆಗೆ ಮುಡಿದುಕೊಂಡಳು.

ಅನಂತರಾಜು ನೋಡುತ್ತಲೇ ನಿಂತ. ದೊಡ್ಡಗಂಗಮ್ಮನ ಗಂಡ ತೀರಿಹೋಗಿ ಮೂವತ್ತು ವರ್ಷ ದಾಟಿತ್ತು.

"ಏನ್ಲಾ ಹಂಗ್ ನೋಡ್ತೀಯ? ಕುಣಿಗಲ್ ಬಸ್‌ಸ್ಟ್ಯಾಂಡ್ನಾಗೆ ಎಷ್ಟು ಸಾವ್ರ ತಲೆಗೆ ಹೂವ ಕೊಟ್ಟಿದೀನೋ ನಂಗೇ ಲೆಕ್ಕ ಸಿಗಲ್ಲ. ನನ್ ತಲೆಗೆ ಒಂದು ಗೇಣು ಇಲ್ಲ. ಯಾರೂ ಬ್ಯಾಡ ಅನ್ನಲಿಲ್ಲ ಕಣಪ್ಪ. ಅನ್ನೋಕ್ ಮುಂಚೆ ನಾನೇ ಬುಟ್ಟೆ."

"ಫೋಟೋದಲ್ಲಿ ಹೂವು ಕಾಣಬೇಕಾ ದೊಡ್ಡಮ್ಮ?"

"ಕಾಣ್ದೆ ಮತ್ತೆ? ನಂಗೆ ಕಾಣ್ಬೇಕು."

"ಗೋಡೆಗೆ ಹಾಕಿದ್ರೆ ಬಂದೋರಿಗೆಲ್ಲ ಕಾಣುತ್ತೆ."

ಅವಳ ಕೈ ತಲೆಯ ಮೇಲಿನ ಹೂವಿಗೆ ಹೋಗಿ, ಅಲ್ಲೇ ನಿಂತಿತು. "ಬಂದೋರು ಏನಂತಾರೆ ಅಂತ ಹೆದರ್ಕೆ ನಂಗೂ ಐತೆ. ಅದಕ್ಕೇ ಅಲ್ವಾ ಅಗುಳಿ ಹಾಕ್ಸಿದ್ದು. ಅದೆಲ್ಲ ಹೆಂಗೆ ಮಾಡೋದು ಅಂತ ನೀನೇ ಯೋಚ್ನೆ ಮಾಡು. ಕಾಲೇಜ್ನಾಗೆ ಇರೋನು ನೀನು. ಬಿಸ್ಲು ಹೋಯ್ತದೆ, ಹೊಡಿ."

ಅನಂತರಾಜು ಚರ್ಮದ ಚೀಲದ ಗುಂಡಿ ಬಿಚ್ಚಿದ. ಮುಂಭಾಗ ಕೆಳಗೆ ಜಾರಿತು. ನೆತ್ತಿಯ ಕುಂಕುಮ ಕಂಡು ಧೈರ್ಯ ಬಂತು. ಕಡ್ಡಿಯನ್ನು ಬಿಸಿಲಿನ ಕಡೆ ತಳ್ಳಿ, ಕಿಂಡಿಗೆ ಕಣ್ಣಿಟ್ಟ. ಕಿಂಡಿಯೊಳಗೆ ದೊಡ್ಡಗಂಗಮ್ಮ ಅಂಗೈಯಷ್ಟು ಚಿಕ್ಕವಳಾಗಿ, ಒಂದೊಂದು ಗೆರೆಯೂ ಸ್ಪಷ್ಟವಾಗಿ ಕೂತಿದ್ದಳು. ಟಕ್. ಚಾಪೆಯಿಂದ ಎದ್ದು ನಿಂತಳು, ಟಕ್. ಕೂದಲನ್ನು ಮುಂದಕ್ಕೆ ಹಾಕಿಕೊಂಡಳು, ಟಕ್. ಏಳನೆಯದಕ್ಕೆ ನಕ್ಕಳು. ಹತ್ತನೆಯದಕ್ಕೆ ನಗು ನಿಲ್ಲಿಸಿ ಎಲ್ಲೋ ನೋಡಿದಳು. ಹನ್ನೆರಡೂ ಮುಗಿದಾಗ ಅನಂತರಾಜುವಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಇಷ್ಟು ಹೊತ್ತು ದಣಿವೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಗಂಗಮ್ಮ ಬಾಡಿಗೆ ವ್ಯಾನಿನಲ್ಲಿ ದೇವರಾಯನದುರ್ಗಕ್ಕೆ ಹೊರಟ ಹೊತ್ತಿಗೆ ತುಮಕೂರಿನಲ್ಲಿ ಅನಂತರಾಜು ಕಂಬಳಿಯೊಳಗೆ ಕೈ ತೂರಿಸಿ ಕೂತಿದ್ದ. ಬಚ್ಚಲುಮನೆಯ ಬಾಗಿಲನ್ನು ಯಾರೂ ಬಡಿಯಲಿಲ್ಲ. ಹೊರಗೆ ಬಂದು ಒದ್ದೆ ರೋಲನ್ನು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟಾಗ ಹನ್ನೆರಡು ಚೌಕಗಳಲ್ಲೂ ಏನೋ ಮೂಡಿತ್ತು. ಅಷ್ಟು ಸಾಕು ಎಂದು ಕುಣಿಯುವುದೊಂದು ಬಾಕಿ.

ಸೋಮವಾರ ಸಾಯಂಕಾಲ ಏಜಾಜ್ ಅದನ್ನು ಅಂಗಡಿಯ ಸ್ಕ್ಯಾನರಿಗೆ ಹಾಕಿದ. ಪರದೆಯ ಮೇಲೆ ಚಿತ್ರ ಬಂತು. ಇಬ್ಬರೂ ಮುಂದಕ್ಕೆ ಬಗ್ಗಿದರು.

ಮಂಜು. ಹನ್ನೆರಡರಲ್ಲೂ ಮಂಜು. ದೊಡ್ಡಗಂಗಮ್ಮ ಇದ್ದಳು, ಆದರೆ ಹಾಲು ಕಲಸಿದ ನೀರಿನೊಳಗೆ ಇದ್ದಂತೆ ಇದ್ದಳು. ಕಣ್ಣು, ಮೂಗು ಎಲ್ಲಾ ಒಂದಕ್ಕೊಂದು ಕರಗಿ, ತಲೆಯ ಸುತ್ತ ಬರೀ ಬೆಳಕು ಹರಡಿಕೊಂಡಿತ್ತು.

"ರೋಲು ಹಳೇದಾ?" ಎಂದ ಏಜಾಜ್.

"ಹೊಸದು. ಪಾಕೀಟು ಒಡೆದು ಹಾಕಿದ್ದು."

ಏಜಾಜ್ ಕರಿಡಬ್ಬಿಯನ್ನು ಕೈಗೆ ತಗೊಂಡ. ವಾಚು ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಲೆನ್ಸಿನ ಕುಳಿಯೊಳಗೆ ಟಾರ್ಚು ಬಿಟ್ಟ. ತುಂಬ ಹೊತ್ತು ನೋಡಿದ. ನಗುವಿಗೆ ಭುಜ ಅಲುಗಾಡತೊಡಗಿತು.

"ಅರೆ ರಾಜಣ್ಣ. ನಲವತ್ತು ವರ್ಷ ಈ ಅಂಗಡಿ ನಡೆಸಿದೀನಿ. ಲೆನ್ಸಿಗೆ ಬೂಷ್ಟು ಬಂದಿದ್ದು ನೋಡಿದೀನಿ, ಇರುವೆ ಗೂಡು ಕಟ್ಟಿದ್ದು ನೋಡಿದೀನಿ. ಲೆನ್ಸಿಗೆ ಬೊಟ್ಟು ಇಟ್ಟಿದ್ದು ಇದೇ ಮೊದಲು ನೋಡ್ತಿರೋದು. ಗಂಧ ಬೇರೆ ಇದೆ, ಅದರ ಮೇಲೆ ಕುಂಕುಮ. ಬಹಳ ಶಿಸ್ತಾಗಿ ನಟ್ಟ ನಡುವೆ ಇಟ್ಟವ್ರೆ."

ಅನಂತರಾಜು ಭೂತಗನ್ನಡಿ ಇಸಕೊಂಡು ನೋಡಿದ. ಆ ಬಟಾಣಿಯಷ್ಟು ಗಾಜಿನ ಮೇಲೆ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಸುತ್ತ ಚೂರು ಜಾಗ ಉಳಿದಿತ್ತು, ಬೆಳಕು ಅಲ್ಲಿಂದ ಹೇಗೋ ನುಸುಳಿ ಒಳಗೆ ಹೋಗಿತ್ತು. ಮೊದಲು ಸಿಟ್ಟು ಬಂತು. ಅದು ಹೊಟ್ಟೆಯಲ್ಲಿ ಹುಟ್ಟಿ ಎದೆಯ ತನಕ ಏರಿ, ಅಲ್ಲಿಂದ ಮುಂದಕ್ಕೆ ಏರಲು ಶಕ್ತಿ ಸಾಲದೆ ಕೂತುಬಿಟ್ಟಿತು. ಗಂಧದಲ್ಲಿ ಉಂಗುರದ ಬೆರಳಿನ ಗೆರೆಗಳು ಅಚ್ಚಾಗಿ ಮೂಡಿದ್ದವು. ಅಷ್ಟು ಆಳದ ಕುಳಿಯೊಳಗೆ ಬೆರಳು ತೂರಿಸಿ, ಅಲುಗಾಡದಂತೆ, ಜಾರದಂತೆ ಇಟ್ಟಿದ್ದಳು. ಮಷೀನಿಗಾದರೆ ಚಕ್ರಕ್ಕೆ ಇಡಬಹುದು, ಕತ್ತರಿಗಾದರೆ ಹಿಡಿಗೆ. ಇದಕ್ಕೆ ಮುಖ ಅಂತ ಇರುವುದು ಅದೊಂದೇ ತಾನೆ.

"ಒರೆಸಲಾ?" ಎಂದ ಏಜಾಜ್, ಹತ್ತಿ ಹಿಡಿದು.

"ಒಂದ್ನಿಮಿಷ ಇರಪ್ಪ," ಎಂದು ಅನಂತರಾಜು ಇನ್ನೊಮ್ಮೆ ನೋಡಿದ. ಆಮೇಲೆ, "ಒರೆಸು."

ಇರುವುದರಲ್ಲಿ ಮುಖದ ಗುರುತು ಸಿಗುವ ಒಂದನ್ನು, ಆ ಹತ್ತನೆಯದನ್ನು, ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಮನೆಗೆ ಹೋದ. ಸುಧಾ ಮಷೀನು ನಿಲ್ಲಿಸಿ, ಕೈ ಸೀರೆಗೆ ಒರೆಸಿಕೊಂಡು ತಗೊಂಡಳು. ನೋಡಿದಳು. ಬೆಳಕಿಗೆ ತಿರುಗಿಸಿ ನೋಡಿದಳು.

"ದೊಡ್ಡಮ್ಮನ ಮುಖನೇ ಕಾಣಲ್ವಲ್ರೀ."

"ಕೈ ಅಲ್ಲಾಡಿಬಿಡ್ತು ಕಣೇ," ಎಂದ ಅನಂತರಾಜು. "ಬಸ್ಸಲ್ಲಿ ನಿಂತೂ ನಿಂತೂ ನರ ಎಲ್ಲಾ ಸೋತಿತ್ತು."

ಅವಳು ಜಗಳ ತೆಗೆಯಲಿ ಎಂದು ಕಾದ. ಎಲ್ಲಾ ಹನ್ನೊಂದನ್ನೂ ಗುಜರಿಗೆ ಹಾಕ್ತೀನಿ ಅನ್ನಲಿ, ಮೊಳೆ ಕಿತ್ತು ಮುಖಕ್ಕೆ ಎಸೆಯಲಿ. ಅವಳು "ಹೋಗ್ಲಿ ಬಿಡಿ" ಎಂದಳು. ಪ್ರಿಂಟನ್ನು ಹೊಲಿಯಲು ಬಂದಿದ್ದ ಬಟ್ಟೆಯ ಮೇಲೆ ಮೆಲ್ಲಗಿಟ್ಟು, ಮತ್ತೆ ಮಷೀನು ತುಳಿಯತೊಡಗಿದಳು. ಮೂವತ್ತು ವರ್ಷದಲ್ಲಿ ಅವಳಾಡಿದ ಯಾವ ಮಾತೂ ಅವನಿಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ವಾರವಿಡೀ ದೊಡ್ಡಗಂಗಮ್ಮ ದಿನಕ್ಕೆರಡು ಸಲ ಫೋನು ಮಾಡಿದಳು. "ಫೋಟೋ ಏನಾತು ಅಳಿಮಯ್ಯ? ತೊಳುದ್ಯಾ? ಒಣಗ್ತಾ?" ಬುಧವಾರ ಅವನು ಇನ್ನೂ ಒಣಗಿಲ್ಲ ಎಂದ. ಶುಕ್ರವಾರ "ಏನ್ಲಾ, ಹಪ್ಪಳನೂ ಇಷ್ಟು ದಿನ ಒಣಗ್ಸಲ್ಲ" ಎಂದಳು.

ಭಾನುವಾರ ಹೋಗಲೇಬೇಕಾಯಿತು. ಸೋತ ದಂಡನಾಯಕರು ಕತ್ತಿಯನ್ನು ಗೆದ್ದವರ ಪಾದದ ಬಳಿ ಇಡುತ್ತಿದ್ದರಂತೆ. ಅನಂತರಾಜು ಪ್ರಿಂಟನ್ನು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ಕರಿಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಯಾಕೆ ಹಾಕಿಕೊಂಡ ಎಂದರೆ ಅವನಿಗೂ ಗೊತ್ತಿಲ್ಲ. ಏಜಾಜ್ ಒರೆಸಿ ಕೊಟ್ಟ ಮೇಲೆ ಹೊಸ ರೋಲು ಹಾಕಿದ್ದ, ಒಂದೂ ತೆಗೆದಿರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವತ್ತು ನಿದ್ದೆ ಬರಲಿಲ್ಲ.

ದೊಡ್ಡಗಂಗಮ್ಮ ಹೊಸ್ತಿಲಲ್ಲಿ ಹೂವು ಕಟ್ಟುತ್ತಾ ಕೂತಿದ್ದಳು. ಸೆರಗು ಜಾರಿತ್ತು. ಬೋಳುತಲೆಯ ಮೇಲೆ ಗಂಧದ ಲೇಪ ಒಣಗಿ ಅಲ್ಲಲ್ಲಿ ಉಳಿದಿತ್ತು. ತಲೆ ಎಷ್ಟು ಚಿಕ್ಕದು ಎಂದು ಅನಂತರಾಜುವಿಗೆ ಅವತ್ತೇ ತಿಳಿದದ್ದು. ಅವನು ಹಾಳೆ ಬಿಚ್ಚಿ, ಪ್ರಿಂಟು ಅವಳ ಮಡಿಲಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಕೈ ಅಲ್ಲಾಡಿದ ಕತೆಯಲ್ಲ, ಬೊಟ್ಟಿನ ಕತೆ. "ಸುಧಂಗೆ ಗೊತ್ತಿಲ್ಲ ದೊಡ್ಡಮ್ಮ. ಹೇಳ್ಬೇಡಿ. ತಪ್ಪು ನಂದೇ, ನಾನು ನೋಡ್ಬೇಕಿತ್ತು. ಸುಸ್ತಲ್ಲಿ ನೋಡ್ಲಿಲ್ಲ."

ಅವಳು ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಆಪರೇಷನ್ ಆದ ಕಣ್ಣುಗಳು ಪಟಪಟ ಬಡಿದವು.

"ಹಿಂಗೇ ಕಣ್ಲಾ," ಎಂದಳು.

"ಏನು ಹಿಂಗೇ?"

"ಪೊರೆ ಬಂದಿತ್ತಲ್ಲ, ಆಗ ಲೋಕ ಎಲ್ಲಾ ಹಿಂಗೇ ಕಾಣ್ತಿತ್ತು ನಂಗೆ. ಎಷ್ಟು ಬಡ್ಕಂಡೆ ಡಾಕ್ಟ್ರಿಗೆ, ಪಕ್ಕದ್ಮನೇರ್ಗೆ. ಹೆಂಗೆ ಕಾಣ್ತದೆ ಹೇಳಜ್ಜಿ ಅಂದ್ರೆ ಹೇಳಾಕೆ ಬರ್ನಿಲ್ಲ. ನಿನ್ ಡಬ್ಬ ಹೇಳ್ಬುಡ್ತು ನೋಡು! ಅದ್ಕೂ ಪೊರೆ ಬಂದಿತ್ತು." ಅವಳು ಕಿಸಕ್ಕನೆ ನಕ್ಕಳು. ಆಮೇಲೆ ಬೆರಳಿನಿಂದ ಚಿತ್ರದ ತಲೆಯ ಸುತ್ತ ನಿಧಾನವಾಗಿ ಸವರಿದಳು. ದನಿ ತಗ್ಗಿತು. "ಇಲ್ಲಿ ಹೂವ ಯಾವ್ದು, ಕೂದ್ಲು ಯಾವ್ದು, ಹೇಳು ನೋಡಾಣ?"

ಅನಂತರಾಜು ಬಗ್ಗಿ ನೋಡಿದ. ಎಲ್ಲವೂ ಒಂದೇ ಬಿಳುಪು. ಗೊತ್ತಿದ್ದ ಅವನಿಗೇ ಗುರುತು ಸಿಗಲಿಲ್ಲ.

"ನಂಗ್ ಗೊತ್ತು," ಎಂದಳು ದೊಡ್ಡಗಂಗಮ್ಮ. "ಇಲ್ಲಿಂದ ಇಲ್ಲೀಗಂಟ. ಎರಡು ಮೊಳ."

ಅವಳು ಎದ್ದು ಒಳಗೆ ಹೋಗಿ, ಚಿತ್ರವನ್ನು ಟ್ರಂಕಿನೊಳಗೆ ಸೀರೆಗಳ ಕೆಳಗಿಟ್ಟು, ಬೀಗ ಹಾಕಿ ಬಂದಳು. "ಇದು ಗೋಡೇದಲ್ಲ. ನಂದು."

ಅನಂತರಾಜುವಿಗೆ ಹಗುರವಾಯಿತು, ಆದರೆ ಗೋಡೆಯ ಮೊಳೆ ಕಣ್ಣ ಮುಂದೆ ಬಂತು. ಗಿರಾಕಿಗಳ ಮುಖ ಓದಿಯೇ ಬದುಕಿದವಳಿಗೆ ಅದನ್ನು ಹೇಳಬೇಕಾಗಿರಲಿಲ್ಲ.

"ಸುಧಂಗೆ ಬೇಕು ಅಂತೀಯ."

"ಹೂಂ."

"ಡಬ್ಬ ತಂದಿದೀಯಾ?"

"ತಂದಿದೀನಿ. ಆದ್ರೆ ಒಂದೇ ಸಲ ಕೂರೋದು ಅಂದಿದ್ರಿ."

"ಕೂದ್ಲಿರೋಳು ಅಂದಿದ್ಲು ಅದ್ನ. ನಾನೇನ್ ಅಂದಿಲ್ಲ." ಅವಳು ತಲೆಯ ಮೇಲಿನ ಸೆರಗನ್ನು ಪೂರಾ ಇಳಿಬಿಟ್ಟು, ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಳು. ಈ ಸಲ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. "ಮೊದ್ಲು ಅದ್ರ ಮೊಕ ಒರ್ಸು."

ಅವನು ಬನಿಯನ್ನಿನ ಅಂಚಿನಿಂದ ಲೆನ್ಸು ಒರೆಸಿದ. ತಿರುಗಿಸಿ ನೋಡಿದ. ಮತ್ತೆ ಒರೆಸಿದ. ದೊಡ್ಡಗಂಗಮ್ಮ ಬೋಳುತಲೆಯ ಮೇಲೆ ಅಂಗೈ ಇಟ್ಟುಕೊಂಡು, ಬೀದಿಯಲ್ಲಿ ಹೋಗುತ್ತಿದ್ದ ಯಾರಿಗೋ "ಏನ್ ನೋಡ್ತೀಯೇ, ನನ್ ಅಳಿಮಯ್ಯ ಫೋಟೋ ಹೊಡೀತವ್ನೆ" ಎಂದು ಕೂಗಿದಳು. ಟಕ್.

ವಾಪಸು ಬರುವ ಬಸ್ಸಿನಲ್ಲಿ ಸೀಟಿರಲಿಲ್ಲ. ಎಡಗೈ ಕಂಬಿಗೆ ಹೋಯಿತು, ಗಲ್ಲ ಎದೆಗೆ ಇಳಿಯಿತು. ಹೆಬ್ಬೂರು ಹತ್ತಿರ ಫೋನು ಬಡಿದುಕೊಂಡಿತು. ಸುಧಾ.

"ದೊಡ್ಡಮ್ಮ ಏನಂದ್ರು?"

"ಇಟ್ಕೊಂಡ್ರು. ಗೋಡೆಗೆ ಬೇರೆ ಒಂದು ಕೊಟ್ಟವ್ರೆ."

"ಅದಾದ್ರೂ ಬರುತ್ತಾ?"

"ನೋಡೋಣ." ಅವನು ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. "ಸುಧಾ, ಮುಂದಿನ ವರ್ಷ ಆಯುಧಪೂಜೆಗೆ ಡಬ್ಬಕ್ಕೆ ಕುಂಕುಮ ನಾನೇ ಇಡ್ತೀನಿ."

"ಯಾಕ್ರೀ? ನಾನಿಟ್ಟಿದ್ದು ಸರಿ ಇರ್ಲಿಲ್ವಾ?"

ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಯಾರದೋ ತರಕಾರಿ ಚೀಲ ಅವನ ಪಾದದ ಮೇಲೆ ಬಂದು ಕೂತಿತು. ಅವನು ಅದನ್ನು ಸರಿಸಲಿಲ್ಲ.

"ಹಂಗೇನಿಲ್ಲ," ಎಂದ. "ಅಷ್ಟೊಂದು ಸಾಮಾನಿಗೆಲ್ಲ ಇಡೋ ಹೊತ್ತಿಗೆ ನೀನು ದಣಿದಿರ್ತೀಯ."